ಹೆಸರು ಬದಲಾಗುವುದು ಬೇರೆ, ಬದಲಿಸುವುದು ಬೇರೆ



ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಪಾಲಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಗುರುಗಳೇ, ಹುಡುಗನ ಹೆಸರು ಬದಲಿ ಮಾಡಬೇಕಾಗೇದ. ಎಷ್ಟು ಖರ್ಚು ಬರ್ತದ? ಯಾವ ಆಫೀಸಿಗೆ ಹೋಗಬೇಕು?" ಈ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ನಾವು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ. ಹುಡುಗನ ಹೆಸರನ್ನು ನೀವು ಬದಲಿಸಬೇಕೆಂದಿದ್ದೀರೋ, ಅಥವಾ ಕಾಗದದಲ್ಲಿ ತಾನಾಗಿಯೇ ಬದಲಾಗಿ ಹೋದ ಹೆಸರನ್ನು ಮೊದಲಿನಂತೆ ಸರಿ ಮಾಡಿಸಬೇಕೆಂದಿದ್ದೀರೋ? ಕೇಳಲು ಎರಡೂ ಒಂದೇ ಅನ್ನಿಸುತ್ತವೆ. ಆದರೆ ಎರಡರ ದಾರಿ ಬೇರೆ, ಖರ್ಚು ಬೇರೆ, ಮುಂದಿನ ಪರಿಣಾಮವೂ ಬೇರೆ. ಇದು ತಿಳಿಯಬೇಕಾದರೆ ನಮ್ಮ ಭಾಗದಲ್ಲಿ ಹೆಸರು ಎಂಬುದು ಕಾಗದಕ್ಕೆ ಹೇಗೆ ಬಂತು ಎಂಬ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಊರುಗಳ ಹೆಸರು

ಮೊದಲು ನಮ್ಮ ಊರುಗಳನ್ನೇ ನೋಡೋಣ. 12ನೇ ಶತಮಾನದ ಶರಣ ಸಿದ್ಧರಾಮೇಶ್ವರರ ಊರು ಸೊನ್ನಲಿಗೆ. ಅದೇ ಇಂದಿನ ಸೋಲಾಪುರ. ಇಂಗ್ಲಿಷರು ಅದನ್ನು 'ಶೋಲಾಪುರ' ಎಂದು ಬರೆದರು. ಹಳೆಯ ಗೆಜೆಟಿಯರುಗಳಲ್ಲಿ, ಹಳೆಯ ಮಿಲ್ಲುಗಳ ಕಾಗದಗಳಲ್ಲಿ ಇಂದಿಗೂ ಅದೇ ಇದೆ. ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು, ಅಕ್ಕಲಕೋಟ ಭೋಸಲೆ ಮನೆತನದ್ದು. 1948ರಲ್ಲಿ ಎರಡೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜತ್ತ 1949ರಲ್ಲಿ ಹುಟ್ಟಿದ 'ದಕ್ಷಿಣ ಸಾತಾರಾ' ಜಿಲ್ಲೆಗೆ ಸೇರಿತು. 1960ರಲ್ಲಿ ಆ ಜಿಲ್ಲೆಯ ಹೆಸರೇ 'ಸಾಂಗಲಿ' ಎಂದಾಯಿತು. ಅದೇ ವರ್ಷ ಮೇ 1ರಂದು ಮಹಾರಾಷ್ಟ್ರ ರಾಜ್ಯವೂ ಬಂತು.

ಅಂದರೆ 1940ರಲ್ಲಿ ಹುಟ್ಟಿದ ಜತ್ತದ ಒಬ್ಬ ಅಜ್ಜ ಮನೆ ಬಿಟ್ಟು ಎಲ್ಲಿಗೂ ಹೋಗದೆ, ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಸಂಸ್ಥಾನದ ಪ್ರಜೆ, ದಕ್ಷಿಣ ಸಾತಾರದವನು, ಸಾಂಗಲಿಯವನು, ಮೂರೂ ಆಗಿಬಿಟ್ಟ. ಅದಕ್ಕಾಗಿ ಅವನು ಯಾವ ಅರ್ಜಿಯನ್ನೂ ಕೊಡಲಿಲ್ಲ, ಒಂದು ಪೈಸೆಯನ್ನೂ ಕಟ್ಟಲಿಲ್ಲ.

ಇಂಥದ್ದು ಇಂದಿಗೂ ನಡೆದೇ ಇದೆ. 2014ರ ನವೆಂಬರ್ 1ರಂದು ಆಚೆ ಕಡೆಯ ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು. 2023ರಲ್ಲಿ ನಮ್ಮ ನೆರೆಯ ಉಸ್ಮಾನಾಬಾದ ಧಾರಾಶಿವವಾಯಿತು. 2004ರಲ್ಲಿ ಸ್ಥಾಪನೆಯಾದ ಸೋಲಾಪುರ ವಿದ್ಯಾಪೀಠಕ್ಕೆ 2019ರಲ್ಲಿ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳಕರರ ಹೆಸರು ಸೇರಿತು. ಅಣ್ಣನ ಪದವಿ ಪ್ರಮಾಣಪತ್ರದಲ್ಲಿ ಒಂದು ಹೆಸರು, ತಮ್ಮನದರಲ್ಲಿ ಇನ್ನೊಂದು. ಆದರೂ ಯಾರೂ "ಇವು ಎರಡು ವಿದ್ಯಾಪೀಠಗಳು" ಎಂದು ತಕರಾರು ತೆಗೆಯುವುದಿಲ್ಲ. ನಗರ ಮುಂಬಯಿ ಆಗಿ ಎಷ್ಟೋ ವರ್ಷಗಳಾದರೂ ಹೈಕೋರ್ಟು ಮಾತ್ರ ಇನ್ನೂ 'ಬಾಂಬೆ ಹೈಕೋರ್ಟ್' ಆಗಿಯೇ ಇದೆ. ಊರಿನ ಹೆಸರು ಬದಲಾದರೆ ಹಳೆಯ ಕಾಗದ ಸುಳ್ಳಾಗುವುದಿಲ್ಲ. ಆದರೆ ಮನುಷ್ಯನ ಹೆಸರಿನಲ್ಲಿ ಒಂದು ದೀರ್ಘ ಹೆಚ್ಚಾದರೆ, ಅವನೇ ಅವನೆಂದು ಅವನೇ ಸಾಬೀತು ಮಾಡಬೇಕು. ಇದು ನಮ್ಮ ಕಾಲದ ವಿಚಿತ್ರ.

ಹೆಸರು ಕಾಗದಕ್ಕೆ ಬಂದ ಬಗೆ

ಹಿಂದೆ ಹಳ್ಳಿಯಲ್ಲಿ ಹೆಸರು ಬಾಯಿಯಲ್ಲಿತ್ತು. ಅಜ್ಜನ ಹೆಸರು ಮೊಮ್ಮಗನಿಗೆ, ಮನೆದೇವರ ಹೆಸರು ಮಕ್ಕಳಿಗೆ. ಸೋಲಾಪುರದ ಸುತ್ತ ಸಿದ್ಧರಾಮ, ಸಿದ್ಧಪ್ಪ. ಜತ್ತ ತಾಲೂಕಿನಲ್ಲಿ ಗುಡ್ಡಾಪುರದ ದಾನಮ್ಮದೇವಿಯಿಂದಾಗಿ ಮನೆಗೊಬ್ಬ ದಾನಮ್ಮ. ಒಂದೇ ಹೆಸರಿನವರು ಹತ್ತು ಜನ ಇದ್ದರೂ ಯಾರ ಮಗ, ಯಾವ ಓಣಿ ಎಂದರೆ ಸಾಕಾಗುತ್ತಿತ್ತು.

ಇದನ್ನು ಬದಲಿಸಿದ್ದು ಭೂಮಿಯ ಲೆಕ್ಕ. ಮುಂಬಯಿ ಪ್ರಾಂತದ ಹೊಸ ಭೂಮಾಪನ 1830ರ ದಶಕದಲ್ಲಿ ನಮಗೆ ಹತ್ತಿರದ ಇಂದಾಪುರ ತಾಲೂಕಿನಲ್ಲೇ ಆರಂಭವಾಯಿತು. ಹೊಲಕ್ಕೆ ನಂಬರು ಬಂತು, ನಂಬರಿನ ಮುಂದೆ ರೈತನ ಹೆಸರು ಬಂತು. 1903ರಲ್ಲಿ ಹಕ್ಕು ದಾಖಲೆಯ ಕಾಯ್ದೆಯಾಯಿತು. ಇಂದು ನಾವು ತಲಾಠಿಯಲ್ಲಿ ಕೇಳುವ 'ಸಾತ್-ಬಾರಾ' ಉತಾರೆ ಈ ವಂಶದ್ದೇ. ಹಳೆಯ ದಫ್ತರಗಳನ್ನು ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದರು. ಮೋಡಿ ವೇಗದ ಬರವಣಿಗೆ. ಅದರಲ್ಲಿ ಇ-ಈ, ಉ-ಊ ಎಂಬ ಹ್ರಸ್ವ ದೀರ್ಘಗಳಿಗೆ ಸಾಮಾನ್ಯವಾಗಿ ಒಂದೇ ಗುರುತು. ಹೀಗೆ ಕನ್ನಡದ ಹೆಸರು ಮೊದಲ ಸಲ ಕಾಗದ ಹತ್ತಿದಾಗಲೇ ಅದು ಬೇರೆ ಲಿಪಿಯ ಅಂಗಿ ತೊಟ್ಟಿತ್ತು.

ಎರಡನೆಯ ಕಾಗದ ಶಾಲೆಯ ಜನರಲ್ ರಿಜಿಸ್ಟರ್. ಹೊಲವಿಲ್ಲದವರ ಹೆಸರು ಸಾತ್-ಬಾರಾದಲ್ಲಿ ಇರುವುದಿಲ್ಲ. ಆದ್ದರಿಂದ ಬಡವರ ಪಾಲಿಗೆ ಶಾಲೆಯ ರಿಜಿಸ್ಟರೇ ಮೊದಲ ಮತ್ತು ಎಷ್ಟೋ ಸಲ ಏಕೈಕ ದಾಖಲೆ.

ಸಾತಾರೆಯ ಒಂದು ದಾಖಲೆ

ಈ ರಿಜಿಸ್ಟರಿನ ಶಕ್ತಿ ಎಂಥದು ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. 1900ರ ನವೆಂಬರ್ 7ರಂದು ಸಾತಾರೆಯ ಸರ್ಕಾರಿ ಶಾಲೆಯಲ್ಲಿ ಒಬ್ಬ ಬಾಲಕನ ದಾಖಲೆಯಾಯಿತು. ಅವನ ಮನೆತನದ ಹೆಸರು ಸಕ್ಪಾಳ. ಪೂರ್ವಿಕರ ಊರು ರತ್ನಾಗಿರಿ ಜಿಲ್ಲೆಯ ಆಂಬಡವೆ. ರಿಜಿಸ್ಟರಿನಲ್ಲಿ ಬಂದದ್ದು ಸಕ್ಪಾಳ ಅಲ್ಲ. ಭಿವಾ ರಾಮಜಿ ಆಂಬೇಡಕರ. ಅವರೇ ಮುಂದೆ ಸಂವಿಧಾನ ಶಿಲ್ಪಿ ಡಾ. ಬಾಬಾಸಾಹೇಬ ಅಂಬೇಡ್ಕರ್. ಮಹಾರಾಷ್ಟ್ರ ಸರ್ಕಾರ 2017ರಿಂದ ಆ ದಿನವನ್ನು ವಿದ್ಯಾರ್ಥಿ ದಿನವೆಂದು ಆಚರಿಸುತ್ತಿದೆ. ಶಾಲೆಯಲ್ಲಿ ಬರೆದ ಒಂದು ಸಾಲು ಒಂದು ಮನೆತನದ ಹೆಸರಾಗಿ ನಿಂತಿತು. ಪ್ರತಿ ಜೂನ್ ತಿಂಗಳಲ್ಲಿ ರಿಜಿಸ್ಟರ್ ತೆರೆದು ಪೆನ್ನು ಹಿಡಿಯುವ ನಾವೆಲ್ಲ ಇದನ್ನು ನೆನಪಿಡಬೇಕು.

ಲಿಪಿ ದಾಟುವಾಗ ಆಗುವುದೇನು?

ನಮ್ಮ ಮಗುವಿನ ಹೆಸರು ಕನ್ನಡದಲ್ಲಿ ಹುಟ್ಟುತ್ತದೆ, ಮರಾಠಿಯ ಕಾಗದಕ್ಕೆ ಹೋಗುತ್ತದೆ, ಅಲ್ಲಿಂದ ಇಂಗ್ಲಿಷಿಗೆ ಇಳಿಯುತ್ತದೆ. ಕನ್ನಡದಲ್ಲಿ ಎ-ಏ, ಒ-ಓ ಎಂದು ಬೇರೆ ಬೇರೆ ಅಕ್ಷರಗಳಿವೆ. ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎ, ಒ ಇಲ್ಲ. ಆದ್ದರಿಂದ ಕೆಂಚಪ್ಪ 'ಕೇಂಚಪ್ಪಾ' ಆಗುತ್ತಾನೆ, ಹೊನ್ನಮ್ಮ 'ಹೋನ್ನಮ್ಮಾ' ಆಗುತ್ತಾಳೆ. ಮರಾಠಿಯಲ್ಲಿ ಪದದ ಕೊನೆಯ ಅಕಾರವನ್ನು ಸಾಮಾನ್ಯವಾಗಿ ಪೂರ್ತಿ ಉಚ್ಚರಿಸುವುದಿಲ್ಲ. ನಾವು ಬಸಪ್ಪ ಎಂದು ಬರೆದರೆ ಕೊನೆಯ ಅಕಾರ ಅಲ್ಲಿ ಸ್ಪಷ್ಟವಾಗಿ ಕೇಳಿಸದೆ ಹೋಗಬಹುದು. ಅದಕ್ಕೆ ಗುಮಾಸ್ತರು ಒಂದು ಕಾನಾ ಸೇರಿಸಿ 'ಬಸಪ್ಪಾ' ಮಾಡುತ್ತಾರೆ. ಕೆಲವು ಸಲ ಅದು 'ಬಸಾಪ್ಪಾ' ಕೂಡ ಆಗುತ್ತದೆ. ಸಿದ್ಧರಾಮ ಒಂದು ಕಡೆ 'ಸಿದ್ರಾಮ', ಇನ್ನೊಂದು ಕಡೆ 'ಸಿದ್ಧಾರಾಮ'. ಇದರಲ್ಲಿ ಯಾರ ದ್ವೇಷವೂ ಇಲ್ಲ. ಅದು ಆ ಲಿಪಿಯ ಗುಣ.

ಅಡ್ಡಹೆಸರಿನ ಕಥೆ ಇನ್ನೂ ಸೂಕ್ಷ್ಮ. ಕನ್ನಡದ ಕುಂಬಾರ ಮರಾಠಿಯಲ್ಲಿ 'ಕುಂಭಾರ' ಆಗಿಬಿಡುತ್ತಾನೆ. ಇದು ಬರೀ ಕಾಗುಣಿತವಲ್ಲ, ಅರ್ಥ ತಿಳಿದು ಮಾಡಿದ ಅನುವಾದ. ಹೀಗೆ ಒಂದೇ ಮನೆಯಲ್ಲಿ ಅಜ್ಜ ಕುಂಬಾರ, ಮೊಮ್ಮಗ ಕುಂಭಾರ.

ಹೆಸರಿನ ಅನುಕ್ರಮವೂ ಒಂದು ತೊಡಕು. ಮಹಾರಾಷ್ಟ್ರದ ಹತ್ತನೇ ಇಯತ್ತೆಯ ಗುಣಪತ್ರಿಕೆಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ತಂದೆಯ ಹೆಸರು. ಹುಡುಗ ಕಾಲೇಜಿಗೆಂದು ವಿಜಯಪುರಕ್ಕೋ ಕಲಬುರಗಿಗೋ ಹೋದರೆ ಅಲ್ಲಿಯ ಅರ್ಜಿಯ ಪದ್ಧತಿ ಬೇರೆ. ಬಿರಾದಾರ ಎಂಬುದೇ ಅವನ ಸ್ವಂತ ಹೆಸರೆಂದು ಕಂಪ್ಯೂಟರಿನಲ್ಲಿ ಕೂತುಬಿಡುತ್ತದೆ.

ಮೊದಲು ಇವೆಲ್ಲ ನಡೆದುಹೋಗುತ್ತಿತ್ತು, ಏಕೆಂದರೆ ಕಾಗದ ನೋಡುವವನು ಮನುಷ್ಯನಾಗಿದ್ದ. ಈಗ ನೋಡುವುದು ಯಂತ್ರ. ವಿದ್ಯಾರ್ಥಿಗಳ 'ಅಪಾರ್' ಗುರುತಿನ ಸಂಖ್ಯೆ ಬಂದ ಮೇಲೆ ಯು-ಡೈಸ್‌ನಲ್ಲಿರುವ ಹೆಸರು ಮತ್ತು ಆಧಾರ್‌ನಲ್ಲಿರುವ ಹೆಸರು ಹೊಂದಬೇಕು. ಹೊಂದದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ನೂರು ವರ್ಷ ಸುಮ್ಮನಿದ್ದ ದೀರ್ಘ ಈಗ ಎದ್ದು ಕೂತಿದೆ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಹೆಸರು ಬದಲಾವಣೆಗೆಂದೇ ಇಡೀ ದೇಶಕ್ಕೆ ಅನ್ವಯಿಸುವ ಒಂದು ಪ್ರತ್ಯೇಕ ಕಾಯ್ದೆ ಇಲ್ಲ. ಇಂಗ್ಲಿಷರ ಕಾಲದಿಂದ ಬಂದ ರೂಢಿಯೇ ಮುಂದುವರಿದಿದೆ: ತಾನು ಇಂದಿನಿಂದ ಇಂಥ ಹೆಸರಿನವನು ಎಂದು ಮನುಷ್ಯ ಪ್ರಮಾಣ ಮಾಡಿ ಹೇಳುವುದು, ಅದನ್ನು ಸರ್ಕಾರಿ ರಾಜಪತ್ರದಲ್ಲಿ ನಾಲ್ಕು ಜನರಿಗೆ ತಿಳಿಯುವಂತೆ ಪ್ರಕಟಿಸುವುದು. ನಮ್ಮ ರಾಜ್ಯದಲ್ಲಿ ಇದು ಮಹಾರಾಷ್ಟ್ರ ಶಾಸನ ರಾಜಪತ್ರದ ಭಾಗ ಎರಡರಲ್ಲಿ ಬರುತ್ತದೆ.

ಹೆಸರು ಮನುಷ್ಯನ ಹಕ್ಕು ಎಂಬ ಮಾತನ್ನು ಸುಪ್ರೀಂ ಕೋರ್ಟು 2021ರ ಜೂನ್‌ನಲ್ಲಿ ಸಿಬಿಎಸ್‌ಇ ಪ್ರಮಾಣಪತ್ರಗಳ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ತನ್ನ ಹೆಸರಿನ ಮೇಲಿನ ಅಧಿಕಾರ ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು. ಯೋಗ್ಯ ಕಟ್ಟುಪಾಡು ಹಾಕಬಹುದು, ಆದರೆ ಬಾಗಿಲನ್ನೇ ಮುಚ್ಚುವಂತಿಲ್ಲ ಎಂಬುದು ಅದರ ತಿರುಳು. ಅದಕ್ಕೂ ಮುಂಚೆ 2019ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ಶಾಲೆಯ ರಿಜಿಸ್ಟರಿನ ವಿಷಯವನ್ನು ನೋಡಿತು. ವಿದ್ಯಾರ್ಥಿ ಶಾಲೆ ಬಿಟ್ಟ ಮೇಲೆಯೂ ಎದ್ದು ಕಾಣುವ ತಪ್ಪನ್ನು ನಿಯಮದಂತೆ ತಿದ್ದಬಹುದು ಎಂದು ಅದು ಹೇಳಿತು. "ಎಲ್‌ಸಿ ಕೊಟ್ಟ ಮೇಲೆ ಮುಗೀತು" ಎಂದು ಹೇಳಿ ಕಳಿಸುವವರು ಇದನ್ನು ತಿಳಿದಿರಬೇಕು.

ಹೆಣ್ಣುಮಕ್ಕಳ ವಿಷಯ ಒಂದು ಮಾತು. ನಮ್ಮಲ್ಲಿ ಮದುವೆಯಾದ ಕೂಡಲೇ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ, ಕೆಲವು ಮನೆಗಳಲ್ಲಿ ಸ್ವಂತ ಹೆಸರನ್ನೂ ಬದಲಿಸುತ್ತಾರೆ. ಇದು ರೂಢಿ, ಕಾನೂನಲ್ಲ. ಹೆಸರು ಬದಲಿಸಲೇಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಇನ್ನು 2024ರ ಮೇ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಮಹಾರಾಷ್ಟ್ರದ ಸರ್ಕಾರಿ ಕಾಗದಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಅನುಕ್ರಮ ಬಂದಿದೆ. ಬಹಳ ಕಾಲ ಕಾಗದದಲ್ಲಿ ಕಾಣದಿದ್ದ ಅವ್ವನ ಹೆಸರು ಕೊನೆಗೂ ಸಾಲಿನಲ್ಲಿ ನಿಂತಿದೆ.

ಕ್ರಮ ಮತ್ತು ಖರ್ಚು

ಈಗ ಪಾಲಕರ ಪ್ರಶ್ನೆಗೆ ಬರೋಣ.

1) ಮಗು ಇನ್ನೂ ಶಾಲೆಯಲ್ಲಿದ್ದರೆ: ಇದು ಎಲ್ಲಕ್ಕಿಂತ ಸುಲಭದ ಕಾಲ. ಜನನ ಪ್ರಮಾಣಪತ್ರ ಮುಂತಾದ ಆಧಾರಗಳನ್ನು ಜೋಡಿಸಿ ಮುಖ್ಯಾಧ್ಯಾಪಕರಿಗೆ ಅರ್ಜಿ ಕೊಡಬೇಕು. ಅವರು ಶಿಕ್ಷಣ ಇಲಾಖೆಯ ಅಧಿಕಾರಿಗಳ ಒಪ್ಪಿಗೆ ಪಡೆದು ರಿಜಿಸ್ಟರ್ ತಿದ್ದುತ್ತಾರೆ. ರಾಜಪತ್ರದ ಶುಲ್ಕದ ಮಾತೇ ಇಲ್ಲಿ ಬರುವುದಿಲ್ಲ.

2) ಹತ್ತನೇ ಇಯತ್ತೆಯ ಪ್ರಮಾಣಪತ್ರದಲ್ಲಿ ತಪ್ಪಾಗಿದ್ದರೆ: ಶಾಲೆಯ ಮೂಲಕವೇ ವಿಭಾಗೀಯ ಮಂಡಳಿಗೆ ಹೋಗಬೇಕು. ಸೋಲಾಪುರ ಜಿಲ್ಲೆಯವರಿಗೆ ಪುಣೆ, ಸಾಂಗಲಿ ಜಿಲ್ಲೆಯವರಿಗೆ ಕೊಲ್ಹಾಪುರ. ಅಕ್ಕಲಕೋಟದಿಂದ ಸೋಲಾಪುರಕ್ಕೇ ಸುಮಾರು 40 ಕಿಲೋಮೀಟರು, ಅಲ್ಲಿಂದ ಪುಣೆ ಸುಮಾರು 250. ಒಂದು ದಿನದ ಕೂಲಿ, ಹೋಗಿ ಬರುವ ಬಸ್ ಚಾರ್ಜು, ಊಟ, ಇದೇ ಇಲ್ಲಿಯ ನಿಜವಾದ ಖರ್ಚು.

3) ಹೆಸರನ್ನೇ ಬದಲಿಸುವುದಾದರೆ: ಹಳೆಯ ಹೆಸರು, ಹೊಸ ಹೆಸರು, ಕಾರಣ ಬರೆದು ಪ್ರತಿಜ್ಞಾಪತ್ರ ಮಾಡಿಸಬೇಕು. ಗುರುತಿನ ಪುರಾವೆ, ಭಾವಚಿತ್ರ ಸಹಿತ ಸರ್ಕಾರಿ ಮುದ್ರಣ ಸಂಚಾಲನಾಲಯದ ಜಾಲತಾಣದಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಶುಲ್ಕದ ದರ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಅಲ್ಲಿಯೇ ನೋಡಿಕೊಳ್ಳಿ, ಏಜೆಂಟರ ಬಾಯಿಮಾತು ನಂಬಬೇಡಿ. ಪ್ರಕಟವಾದ ರಾಜಪತ್ರದ ಪ್ರತಿಯನ್ನು ಇಳಿಸಿಕೊಂಡು ಹಲವು ಪ್ರತಿ ತೆಗೆದಿಟ್ಟುಕೊಳ್ಳಿ.

4) ಸ್ಟಾಂಪ್ ಪೇಪರ್: 2024ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಹಲವು ವ್ಯವಹಾರಗಳ ಕನಿಷ್ಠ ಮುದ್ರಾಂಕ 100ರಿಂದ 500 ರೂಪಾಯಿಗೆ ಏರಿತು. ಆದರೆ ಸರ್ಕಾರಿ ಕಚೇರಿ, ನ್ಯಾಯಾಲಯಗಳಿಗೆ ಸಲ್ಲಿಸುವ ಪ್ರತಿಜ್ಞಾಪತ್ರಕ್ಕೆ 2004ರಿಂದಲೇ ಮಾಫಿ ಇದೆ. ವಿದ್ಯಾರ್ಥಿಗಳಿಗೆ ಸ್ಟಾಂಪ್ ಬೇಕಿಲ್ಲವೆಂದು 2025ರಲ್ಲಿ ಸರ್ಕಾರ ಮತ್ತೊಮ್ಮೆ ಹೇಳಿದೆ. ಸಾದಾ ಕಾಗದದ ಮೇಲೆ ಮಾಡಿಸಬಹುದಾದದ್ದಕ್ಕೆ 500 ರೂಪಾಯಿ ಕಳೆಯಬೇಡಿ.

5) ಉಳಿದ ಕಾಗದಗಳು: ಆಧಾರ್‌ನಲ್ಲಿ ಹೆಸರು ತಿದ್ದಲು 2025ರ ಅಕ್ಟೋಬರ್‌ನಿಂದ ಕೇಂದ್ರದಲ್ಲಿ 75 ರೂಪಾಯಿ. ಜೀವನದಲ್ಲಿ ಎರಡೇ ಸಲ ಹೆಸರು ತಿದ್ದಲು ಅವಕಾಶ, ಆದ್ದರಿಂದ ಅವಸರ ಬೇಡ. ಮತದಾರರ ಪಟ್ಟಿಯ ತಿದ್ದುಪಡಿ ನಮೂನೆ 8ರಲ್ಲಿ, ಖರ್ಚಿಲ್ಲ. ದೊಡ್ಡವರ 36 ಪುಟದ ಪಾಸ್‌ಪೋರ್ಟು ಹೊಸದಾಗಿ ಮಾಡಿಸಲು 1500 ರೂಪಾಯಿ.

ಗೆಜೆಟ್ ಎಲ್ಲಕ್ಕೂ ಮದ್ದಲ್ಲ

ಇಲ್ಲೇ ನಮ್ಮ ಜನ ಮೋಸ ಹೋಗುವುದು. "ಗೆಜೆಟ್ ಮಾಡಿಸಿಬಿಡ್ರಿ, ಎಲ್ಲಾ ಸರಿ ಆಗ್ತದ" ಎಂದು ಹೇಳುವವರಿದ್ದಾರೆ. ರಾಜಪತ್ರದ ಆ ಪುಟವನ್ನೇ ಓದಿ ನೋಡಿ. ಈ ಸೂಚನೆಗಳು ಅರ್ಜಿದಾರರ ಹೇಳಿಕೆಯ ಮೇಲೆ ಪ್ರಕಟವಾದವು, ಇವುಗಳ ಸತ್ಯಾಸತ್ಯತೆಗೆ ಸರ್ಕಾರ ಹೊಣೆಯಲ್ಲ ಎಂಬ ಅರ್ಥದ ಸೂಚನೆ ಅಲ್ಲೇ ಅಚ್ಚಾಗಿರುತ್ತದೆ. ರಾಜಪತ್ರ ಶಾಲೆಯ ರಿಜಿಸ್ಟರನ್ನು ತಾನಾಗಿ ತಿದ್ದುವುದಿಲ್ಲ. ಅದು ಹೇಳುವುದು ಇಷ್ಟೇ: ಇವನು ಮೊದಲು ಹೀಗಿದ್ದ, ಇನ್ನು ಮುಂದೆ ಹೀಗೆ.

ಇದರ ಪೆಟ್ಟು ಬೀಳುವುದು ಜಾತಿ ಪ್ರಮಾಣಪತ್ರದ ಪಡತಾಳಣಿಯಲ್ಲಿ. ಪರಿಶಿಷ್ಟ ಜಾತಿಯವರು 1950ಕ್ಕೆ, ವಿಮುಕ್ತ ಜಾತಿ ಹಾಗೂ ಅಲೆಮಾರಿ ಜಮಾತಿಯವರು 1961ರ ನವೆಂಬರ್ 21ಕ್ಕೆ, ಇತರ ಹಿಂದುಳಿದ ವರ್ಗದವರು 1967ರ ಅಕ್ಟೋಬರ್ 13ಕ್ಕೆ ಹಿಂದಿನ ಪುರಾವೆ ತೋರಿಸಬೇಕಾಗುತ್ತದೆ. ಆ ಪುರಾವೆ ಎಷ್ಟೋ ಮನೆಗಳಲ್ಲಿ ಅಜ್ಜನ ಕನ್ನಡ ಶಾಲೆಯ ರಿಜಿಸ್ಟರಿನ ಒಂದು ಸಾಲು. ಅಜ್ಜ ಅಲ್ಲಿ 'ಕುಂಬಾರ ಕೆಂಚಪ್ಪ'. ಮೊಮ್ಮಗ ಕುಂಭಾರ ಎಂದಿದ್ದರೆ ಅದು ಲಿಪಿಯ ವ್ಯತ್ಯಾಸ ಎಂದು ಎರಡೂ ಕಾಗದ ಮುಂದಿಟ್ಟು ವಿವರಿಸಬಹುದು. ಆದರೆ ಅವನೇ ಯಾರದೋ ಮಾತು ಕೇಳಿ ಅಡ್ಡಹೆಸರನ್ನೇ ಬೇರೆ ಮಾಡಿಕೊಂಡು ಗೆಜೆಟ್ ಮಾಡಿಸಿದರೆ, ಅಜ್ಜನಿಗೂ ತನಗೂ ಇದ್ದ ದಾರವನ್ನು ತಾನೇ ಕತ್ತರಿಸಿಕೊಂಡಂತೆ. ಮತ್ತೆ ಗಂಟು ಹಾಕಲು ವರ್ಷಗಟ್ಟಲೆ ಅಲೆದಾಟ. ಬೇಕಾಗಿದ್ದದ್ದು ತಿದ್ದುಪಡಿ, ಮಾಡಿಸಿಕೊಂಡದ್ದು ಬದಲಾವಣೆ.

ಹಾಗೆಂದು ಹೆಸರು ಬದಲಿಸುವವರನ್ನು ನಾವು ಬೇಡ ಎನ್ನುವುದಿಲ್ಲ. ಹೀಯಾಳಿಸಿ ಇಟ್ಟ ಹೆಸರನ್ನು, ನೋವು ಕೊಡುವ ಅಡ್ಡಹೆಸರನ್ನು ಬಿಟ್ಟು ಗೌರವದ ಹೆಸರು ಪಡೆಯುವುದು ಹಕ್ಕು. ಅಂಥವರು ಧೈರ್ಯವಾಗಿ ಬದಲಿಸಲಿ, ಆದರೆ ಹಳೆಯ ಕಾಗದಗಳನ್ನು ಜೋಪಾನವಾಗಿಡಲಿ.

ಇನ್ನು ಮುಂದೆ

ಇಷ್ಟು ದಿನ ಹೆಸರಿನ ಮೊದಲ ಪೆನ್ನು ಶಾಲೆಯದಾಗಿತ್ತು. ಇನ್ನು ಹಾಗಲ್ಲ. ಜನನ ಮರಣ ನೋಂದಣಿಯ 1969ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಆ ಮಕ್ಕಳು 2029-30ರ ಸುಮಾರಿಗೆ ನಮ್ಮ ಒಂದನೇ ಇಯತ್ತೆಗೆ ಬರುತ್ತಾರೆ. ಹೆಸರನ್ನು ಕಾಪಾಡುವ ಜಾಗ ಈಗ ಗ್ರಾಮ ಪಂಚಾಯತಿ. ಮಗುವಿನ ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡದ ಶುಲ್ಕ ಕಟ್ಟಬೇಕು.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ನಾಮಕರಣದ ದಿನವೇ ಮಗುವಿನ ಹೆಸರನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಹೇಗೆ ಬರೆಯಬೇಕೆಂದು ಒಂದು ಹಾಳೆಯಲ್ಲಿ ಬರೆದಿಡಿ. ಬರೆಯಲು ಬಾರದವರು ಶಾಲೆಗೆ ಬನ್ನಿ, ನಾವು ಬರೆದುಕೊಡುತ್ತೇವೆ. ಗ್ರಾಮ ಪಂಚಾಯತಿಗೆ, ಅಂಗನವಾಡಿಗೆ, ಆಧಾರ್ ಕೇಂದ್ರಕ್ಕೆ ಆ ಹಾಳೆಯನ್ನೇ ತೋರಿಸಿ. ಕಾಗದ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿಸಿ ನೋಡಿ. ಐದು ನಿಮಿಷದ ಕೆಲಸ, ಮುಂದೆ ಐದು ವರ್ಷದ ಅಲೆದಾಟ ಉಳಿಯುತ್ತದೆ. ಮನೆಯಲ್ಲಿ ಅಜ್ಜನ ಹಳೆಯ ಎಲ್‌ಸಿ ಇದ್ದರೆ ಪೆಟ್ಟಿಗೆಯಿಂದ ತೆಗೆದು, ಪ್ರತಿ ಮಾಡಿಸಿ, ಒಣ ಜಾಗದಲ್ಲಿಡಿ. ಕನ್ನಡದಲ್ಲಿ ಬರೆದ ಆ ಒಂದು ಸಾಲು ಮೊಮ್ಮಕ್ಕಳಿಗೆ ಬೇಕಾಗುತ್ತದೆ.